ಬಾಡಿಗೆಗೆ ಭೂತ

ಮಾರ್ನೆಮಿ ಮುಗಿದು ಹುಲಿಗಳೆಲ್ಲ
ಸೀಮೆಎಣ್ಣೆಯಲ್ಲಿ ಮೈ ಒರೆಸಿಕೊಂಡು ಹೋದ ಮೇಲೆ
ಬೋಳಾರದ ನನ್ನ ವೇಷದಂಗಡಿಯಲ್ಲಿ
ಪೇಂಟಿನ ವಾಸನೆ ಮಾತ್ರ.
ಕರಡಿಯ ತಲೆ ಬಿಸಿಲಿಗೆ ಇಟ್ಟಿದ್ದೆ.

ಬೆಂದೂರಿನ ಫ್ಲ್ಯಾಟಿನ ರೆನಿಟಾ ಬಂದಳು, ಏಳನೇ ಕ್ಲಾಸು:
"ಅಂಕಲ್, ಮೂವತ್ತೊಂದಕ್ಕೆ ಒಂದು ಭೂತ ಬೇಕು."
ಭೂತ ಬಾಡಿಗೆಗೆ ಇಲ್ಲ ಮಾರಾಯ್ತಿ,
ಇಲ್ಲಿ ಅದಕ್ಕೆ ಕೈಮುಗಿಯುವುದು.
ಯಮನ ಕೋಡು ಉಂಟು, ಆದೀತಾ?

ಕೋಡು ತಿರುಗಿಸುತ್ತಾ ಹೇಳಿದಳು:
ದೂರದ ಚಳಿ ದ್ವೀಪದಲ್ಲಿ, ಕೊಯ್ಲು ಮುಗಿದ ರಾತ್ರಿ
ಸತ್ತವರು ಮನೆ ಹುಡುಕಿ ಬರುವರೆಂದು
ಬದುಕಿದ್ದವರು ಮುಖಕ್ಕೆ ಮಸಿ ಬಳಿದುಕೊಳ್ಳುತ್ತಿದ್ದರಂತೆ,
"ಇವನೂ ನಮ್ಮವನೇ" ಎಂದು ದಾಟಿ ಹೋಗಲಿ ಅಂತ.
ದೀಪಕ್ಕೆ ಕೊರೆಯುತ್ತಿದ್ದದ್ದು ಟರ್ನಿಪ್ ಗಡ್ಡೆ;
ಕುಂಬಳ ಸಿಕ್ಕಿದ್ದು ಆಮೇಲೆ, ಹಡಗು ಹತ್ತಿ ಹೋದಲ್ಲಿ.

ಮುಖ ಮುಚ್ಚಿಕೊಂಡರೆ
ಸ್ವಂತ ಅಪ್ಪನಿಗೆ ಗುರುತು ಸಿಗುವುದು ಹೇಗೆ?
ಅವಳಿಗೆ ಗೊತ್ತಿರಲಿಲ್ಲ.

ಆಟಿಯಲ್ಲಿ ಅಮ್ಮ ಕುಲೆಗಳಿಗೆ ಬಡಿಸುತ್ತಿದ್ದಳು:
ಕೋರಿರೊಟ್ಟಿ, ಎಳನೀರು, ಅಪ್ಪನಿಗೊಂದು ಬೀಡಿ,
ಕಡ್ಡಿಪೆಟ್ಟಿಗೆ ಮರೆಯದೆ.
ಬಾಗಿಲೆಳೆದು ನಾವು ಜಗಲಿಯಲ್ಲಿ, ಉಸಿರು ಬಿಗಿಹಿಡಿದು.
ಮತ್ತೆ ತೆರೆಯುವ ಮೊದಲು ಅಮ್ಮ ಒಮ್ಮೆ ಕೆಮ್ಮುವಳು,
ಉಣ್ಣುತ್ತಿದ್ದವರಿಗೆ ನಾಚಿಕೆಯಾಗಬಾರದು.

ರೆನಿಟಾ ಕೊನೆಗೆ ಕರಡಿಯ ತಲೆ ಒಯ್ದಳು.
ಎರಡನೇ ತಾರೀಕು, ಅಜ್ಜಿಯ ಜೊತೆ
ಮೇಣದಬತ್ತಿ ಹಿಡಿದು ಸಿಮೆಟ್ರಿಗೆ ಹೋಗುವ ದಾರಿಯಲ್ಲಿ
ವಾಪಸು ಕೊಟ್ಟಳು.
ಬಾಯೊಳಗೆ ಒಂದು ಚಾಕಲೇಟು.
"ಅದು ನಿಮ್ಮ ಅಪ್ಪನಿಗೆ."

ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು.
ಹೇಳಲಿಲ್ಲ.