ಮಾಮ

ಪಾಠ ಯೋಜನೆ ಸಂಖ್ಯೆ ಆರು. ಘಟಕ: ನನ್ನ ಕುಟುಂಬ.
ಅವಧಿ ನಲವತ್ತು ನಿಮಿಷ. ಕಲಿಕೋಪಕರಣ:
ಮಿಂಚುಪಟ್ಟಿ ಎಂಟು, ಸೀಮೆಸುಣ್ಣ, ಅದೂ ಒದ್ದೆ.
ಮಕ್ಕಳು ಒಂಬತ್ತು; ಇಡೀ ಶಾಲೆಗೇ ಅಷ್ಟು.
ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಸೌದೆ ತುಂಡು.
ನಾನು ಹೆಸರು ಕೂಗುವ ಮೊದಲೇ
ಒಲೆ ಹಾಜರಿ ತೆಗೆದುಕೊಂಡಿರುತ್ತದೆ.

ರಾಚಾ ಸೀಮೆ, ಜಾರ್ಜಿಯ. ಮಾರ್ಚಿನಲ್ಲೂ
ಕಿಟಕಿಯ ಕೆಳಗೆ ಮೊಳಕಾಲೆತ್ತರ ಹಿಮ.
ಬಿ.ಎಡ್. ಕೊನೆಯ ವರ್ಷ, ಹದಿನಾಲ್ಕು ವಾರಕ್ಕೆಂದು ಬಂದವಳು
ಇವರ ಲಿಪಿ ನೋಡಿ ಮೊದಲ ದಿನವೇ ಮೋಸಹೋದೆ:
ಅದೇ ದುಂಡು, ಅದೇ ಕೊಕ್ಕೆ, ಅದೇ ಬಳುಕು,
ಇನ್ನೇನು ಓದಿಯೇಬಿಟ್ಟೆ ಅನ್ನುವಷ್ಟರಲ್ಲಿ
ನಂಟರ ಮುಖ ಹೊತ್ತ ಅಪರಿಚಿತರ ಹಾಗೆ
ಮಾತಾಡಿಸದೆ ಹೊರಟುಹೋದವು.

ಪಟ್ಟಿ ಒಂದು: ಏಪ್ರನ್ ತೊಟ್ಟ ಹೆಂಗಸು.
ಕೆಳಗೆ ಇಂಗ್ಲಿಷಿನ ದಪ್ಪಕ್ಷರ. ಎಲ್ಲರೂ ಹೇಳಿ: ಮಾಮ.

ನಗು ಸಿಡಿಯಿತು.
ಬಾದ್ರಿ ಹೊಟ್ಟೆ ಹಿಡಿದುಕೊಂಡು ಬೆಂಚಿನಡಿ ಸೇರಿದ.
ಹಿಂದೆ ಕೂತ ತ್ಸಿಯಾಲಾ ಮೇಡಂ,
ನನಗೆ ಅಂಕ ಕೊಡಬೇಕಾದವರು,
ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.
ಮಾಮ ಅಂದರೆ ಅಪ್ಪ, ಟೀಚರ್!
ಅಮ್ಮ ಅಂದರೆ ದೆದಾ!

ಲಂಗ ತೊಟ್ಟ ಅಪ್ಪನನ್ನು ಹಲಗೆಗೆ ಅಂಟಿಸಿ ನಿಂತೆ.
ಯೋಜನೆಯಲ್ಲಿ ಇದಕ್ಕೆ ಕಾಲಂ ಇಲ್ಲ.
ಬಾಯಿಗೆ ಬಂದದ್ದು ಹೇಳಿದೆ: ನಮ್ಮಲ್ಲಿ
ಮಾಮ ಅಂದರೆ ಅಮ್ಮನ ತಮ್ಮ,
ಕಿವಿ ಚುಚ್ಚುವಾಗ ತೊಡೆಯ ಮೇಲೆ ಕೂರಿಸಿಕೊಳ್ಳುವವನು,
ಹಾಗಾಗಿ ಕಚ್ಚಲು ಮೊದಲು ಸಿಗುವವನು.
ಅಷ್ಟೇ ಅಲ್ಲ, ಚಂದ್ರನೂ ನಮಗೆ ಮಾಮನೇ.
ತೆಕ್ಲೆ ಗಾಬರಿಯಿಂದ ಎದೆಗೆ ಶಿಲುಬೆ ಬರೆದುಕೊಂಡಳು:
ಚಂದ್ರ ನಿಮ್ಮ ಅಪ್ಪನಾ?

ಆಗ ಲಾಝರೆ ಕೈ ಎತ್ತಿದ.
ಐದು ವಾರದಲ್ಲಿ ಆ ಕೈ ಮೇಜಿನ ಮೇಲೆ ಬಂದದ್ದೇ ಕಾಣೆ.
ಇಟಲಿಯಲ್ಲಿ ಅಮ್ಮನಿಗೇ ಹಾಗನ್ನುವುದು, ಅಂದ.
ಮಮ್ಮ. ಚಿತ್ರ ಸರಿಯಾಗಿಯೇ ಇದೆ.
ಮಕಾರದ ಕೆಳಗೆ ಇನ್ನೊಂದು ಮಕಾರ ಒತ್ತಿ ಹೇಳಿದ;
ನನ್ನ ಕಿವಿಗೆ ಅಮ್ಮ ಅಂತಲೇ ಬಿತ್ತು.

ಹೇಗೆ ಗೊತ್ತು ಅಂತ ಯಾರೂ ಕೇಳಲಿಲ್ಲ.
ಈ ಊರಿನ ಅರ್ಧ ದೆದಾಗಳು ಬಾರಿಯಲ್ಲೋ ನೇಪಲ್ಸಿನಲ್ಲೋ
ಯಾರದೋ ಮುದುಕಿಯ ಮಗ್ಗುಲು ಬದಲಿಸುತ್ತಿದ್ದಾರೆ.
ಮಗ್ಗಿ ಒಪ್ಪಿಸುವ ದನಿಯಲ್ಲಿ ಅವನೇ ಮುಂದುವರಿಸಿದ:
ಅಮ್ಮ ನೋಡಿಕೊಳ್ಳುವ ಅಜ್ಜಿಗೆ ನಾಲ್ಕು ಇಪ್ಪತ್ತು, ಮೇಲೆ ಹನ್ನೊಂದು.
ಇವರು ಎಣಿಸುವುದೇ ಹಾಗೆ, ತೊಂಬತ್ತೊಂದಕ್ಕೆ.
ಅವಳಿಗೆ ಎಲ್ಲ ಮರೆತಿದೆ.
ನಮ್ಮಮ್ಮನನ್ನೇ ಮಮ್ಮ ಅಂತ ಕರೆಯುತ್ತಾಳೆ.
ರಾತ್ರಿ ಫೋನಿನಲ್ಲಿ ಹಿಂದಿನಿಂದ ಕೇಳಿಸುತ್ತೆ,
ಮಮ್ಮ, ಮಮ್ಮ.
ಬಂದೆ ಅನ್ನುತ್ತಾಳೆ ಅಮ್ಮ.
ನನಗಲ್ಲ.

ಒಲೆಯೊಳಗೆ ಒಂದು ತುಂಡು ಮುರಿದು ಕೂತಿತು.
ಅದು ಯಾರು ತಂದದ್ದೋ.
ಇನ್ನೂ ಏಳು ಪಟ್ಟಿ ಕೈಯಲ್ಲಿದ್ದವು: ಅಣ್ಣ, ತಂಗಿ, ಅಜ್ಜ,
ಎಲ್ಲರೂ ಒಂದೇ ಅಂಗಡಿಯ ಹಲ್ಲು ಬಿಟ್ಟುಕೊಂಡು.
ಗಂಟೆ ಹೊಡೆಯುವವರೆಗೆ ನಾವು ಹಿಮ ನೋಡಿದೆವು.

ಸಂಜೆ, ಮನೆಯ ಒಡತಿ ಪಿಕ್ರಿಯಾ ಬೀನ್ಸು ಸುಲಿಯುತ್ತ:
ಹಳೆಯ ಮನೆಗಳ ನಡುಗಂಬಕ್ಕೆ
ತಾಯಿಗಂಬ ಅನ್ನುತ್ತಿದ್ದರು ಹುಡುಗಿ.
ಈಗ ನಮ್ಮ ಕಂಬಗಳೆಲ್ಲ ಸಂಬಳಕ್ಕೆ ಹೋಗಿವೆ.
ಸೂರು? ಸೂರು ಅಭ್ಯಾಸಬಲದಿಂದ ನಿಂತಿದೆ.
ನಕ್ಕಳು. ಬಟ್ಟಲು ನನ್ನ ಕಡೆ ತಳ್ಳಿದಳು, ನೀನೂ ಸುಲಿ ಅಂತ.
ಬೆಟ್ಟದ ಮೇಲೆ ಚಂದ್ರ ಬಂದ.
ಏನೆಂದು ಕರೆಯಲಿ ತೋಚದೆ ಪರದೆ ಎಳೆದೆ.

ತ್ಸಿಯಾಲಾ ಮೇಡಂ ಬರೆದದ್ದು:
ಉದ್ದೇಶ ಈಡೇರಿಲ್ಲ. ಎಂಟರಲ್ಲಿ ಒಂದೇ ಪಟ್ಟಿ ಮುಗಿದಿದೆ.
ಇಪ್ಪತ್ತಕ್ಕೆ ಹನ್ನೊಂದು.
ನಿಜ.
ಆ ಒಂದನ್ನು ಲಾಝರೆ ಕೇಳಲಿಲ್ಲ, ನಾನು ಕೊಡಲಿಲ್ಲ;
ಅವನು ಹಲಗೆಯಿಂದ ಕೀಳುವಾಗ
ನಾವಿಬ್ಬರೂ ಬೇರೆ ಕಡೆ ನೋಡುತ್ತಿದ್ದೆವು.
ಉಪಕರಣಗಳ ವಹಿಯಲ್ಲಿ ನಾನು ಬರೆದೆ:
ನಷ್ಟ, ಮಿಂಚುಪಟ್ಟಿ ಒಂದು. ಕಾರಣ, ಒದ್ದೆಯಾಗಿ ಹಾಳು.
ಮೇಡಂ ಎರಡು ಸಲ ಓದಿದರು,
ಸಹಿ ಹಾಕಿದರು.