ಭಟ್ಟಿಯ ಬೆನ್ನಿಗೆ

ರಾತ್ರಿ ಎರಡು ಹತ್ತಕ್ಕೆ ಕೆಲಸ ನಿಂತಿತು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಬೆನ್ನಿಗೆ
ನಮ್ಮ ಬ್ಯಾಂಕಿನ ಯಂತ್ರದ ಕೋಣೆ.
ಒಳಗೆ ಮೂಳೆ ಕೊರೆಯುವ ಏಸಿ,
ಹಿಂದಿನ ಗೋಡೆಗೆ ಅಂಗೈ ಇಟ್ಟರೆ ಬೆಚ್ಚಗೆ.
ನಡುವೆ ನಾನು, ಶಾಲು ಹೊದ್ದು,
ಮೇನ್‌ಫ್ರೇಮಿನ ಹಸಿರಕ್ಷರ ಓದುತ್ತ:
ಈ ಹೆಸರಿಗೆ ಈ ಸೇವೆಯ ಅನುಮತಿ ಇಲ್ಲ.

ಅದು ಕೇಳಿದ್ದಾದರೂ ಏನು ಮಹಾ?
ಹಣವಲ್ಲ, ತಿಜೋರಿಯ ಕೀಲಿಯಲ್ಲ.
ಹನ್ನೊಂದು ಲಕ್ಷ ಸಾಲು ಹ್ಯಾಶ್ ಮಾಡಿಕೊಡು,
ಸಾಲಿಗೊಂದು ಗುರುತು, ಅಷ್ಟೆ.
ಅಕ್ಕಿ ಉಬ್ಬಿ ಮಂಡಕ್ಕಿಯಾದ ಹಾಗೆ:
ಎಷ್ಟು ತಿರುವಿದರೂ, ಯಾರು ತಿರುವಿದರೂ
ಮಂಡಕ್ಕಿ ಮತ್ತೆ ಅಕ್ಕಿಯಾಗದು.

ಫೋನಿನಲ್ಲಿ ರುದ್ರಮುನಿ ಸರ್, ನಿದ್ದೆ ಹತ್ತಿದ ದನಿ:
"ಕೀಲಿಯೇ ಇಲ್ಲದ ಕೆಲಸಕ್ಕೆ ಕಾವಲ್ಯಾಕೆ ಕೊಟ್ರಮ್ಮ?
ಆ ತಪಾಸಣೇನೇ ತೆಗೆದುಹಾಕು, ಎಲ್ಲರಿಗೂ.
ಸಲಸಲಕ್ಕೂ 'ನೀನ್ಯಾರು' ಅಂದ್ರೆ
ಯಂತ್ರಕ್ಕೂ ಬ್ಯಾಸರ ಅಲ್ಲೇನು?"
ತಪ್ಪೇನಲ್ಲ. ಕೈಪಿಡಿಯಲ್ಲೂ ಅದಕ್ಕೆ ದಾರಿಯಿದೆ.
ಒಂದೇ ಸಾಲು ಬರೆದರೆ
ಬಾಗಿಲು ಇತ್ತೆಂಬುದೂ ಉಳಿಯುವುದಿಲ್ಲ.

ಬರೆದೂ ಇದ್ದೆ. ಒತ್ತುವುದೊಂದು ಬಾಕಿ.
ಗೋಡೆಯಾಚೆ ಮೆಹಬೂಬಿ ಕೂಗಿದಳು:
"ಯಾರ್ದು ಈ ಚೀಲ? ಹೆಸರು ಹೇಳಿ ಸುರಿ!"

ಹೋದ ಶ್ರಾವಣದಲ್ಲಿ ಯಾರೋ
ಹಸಿ ಅಕ್ಕಿ ತಂದು ಸುರಿದುಹೋಗಿ
ಬಾಣಲೆಯ ಮರಳೆಲ್ಲ ಮುದ್ದೆಗಟ್ಟಿತಂತೆ.
ಕೆಂಡ ಉರಿಯುತ್ತಲೇ ಇತ್ತು,
ಸಾಲುಗಟ್ಟಿದ ಚೀಲಗಳು ಹಾಗೇ ಕೂತಿದ್ದವು.
ಏನೂ ಕಳುವಾಗಲಿಲ್ಲ.
ಯಾರು ಅಂತಲೂ ಗೊತ್ತಾಗಲಿಲ್ಲ.
ಅಂದಿನಿಂದ ಅವಳ ಸೊಂಟದಲ್ಲಿ
ಒಂದು ಮೊಂಡು ಪೆನ್ಸಿಲ್ಲು.

ಬರೆದ ಸಾಲು ಅಳಿಸಿದೆ.
ಬಡ್ಡಿ ಲೆಕ್ಕದ ಆ ಒಂದು ಹೆಸರಿಗೆ ಮಾತ್ರ,
ಆ ಒಂದು ಸೇವೆಗೆ ಮಾತ್ರ,
ಓದುವಷ್ಟೇ ಹಕ್ಕು ಬರೆದೆ.
ಎರಡು ಮೂವತ್ತೊಂದು. ಕೆಲಸ ಹೊರಟಿತು.
ಸರ್ ಬೈದರೆ ಬೈಯಲಿ,
ಬೈದವರ ಹೆಸರಾದರೂ ಗೊತ್ತಿರುತ್ತದೆ.

ಬೆಳಗಿನ ಜಾವ ಹೊರಗೆ ಬಂದಾಗ
ಬೀದಿಯಿಡೀ ಹೊಗೆ, ಜರಡಿಯ ಸದ್ದು.
ಮೆಹಬೂಬಿ ಪೇಪರಿನಲ್ಲಿ ಬಿಸಿ ಮಂಡಕ್ಕಿ ಸುತ್ತಿಕೊಟ್ಟಳು,
ನನ್ನ ಹೆಸರನ್ನೂ ಬರೆದುಕೊಂಡಳು, ತಪ್ಪಾಗಿ.
ಬಸ್‌ಸ್ಟ್ಯಾಂಡಿನ ತನಕ ತಿನ್ನುತ್ತ ಹೋದೆ.
ಹಲ್ಲಿಗೆ ಕಟಕ್ಕೆಂದಿತು
ಒಂದು ಮರಳ ಕಣ.
ಯಾವ ಜರಡಿ ಬಿಟ್ಟಿತೋ ಅದನ್ನು,
ಏನು ಹೆಸರು ಹೇಳಿ ಬಂತೋ.