ನಡುಗಡ್ಡೆ

ಕಾಗದದಲ್ಲಿ ಒಂದು ಬಳೆ ಕೊರೆದು ನೋಡಿ,
ಒಳಗಿನ ಬಿಲ್ಲೆ ಉದುರಿಬಿಡುತ್ತದೆ.
ಇಷ್ಟೇ ತೊಡಕು. ಇದಕ್ಕೇ ಜಪಾನಿನ ಶಿರೋಕೊದಲ್ಲಿ
ತೊಸೆ ಎಂಬಾಕೆಯ ಕಣ್ಣು ಹೋಯಿತು.

ಪರ್ಸಿಮನ್ ಕಾಯಿಯ ಒಗರು ಕುಡಿದು ಕಂದಿದ ಹಾಳೆ;
ಕೊರೆಯುವುದು ಗಂಡ.
ಜೋಡಿಹಾಳೆ ಬಿಡಿಸಿ, ನಡುವೆ ರೇಷ್ಮೆ ಎಳೆ ಹಾಸಿ
ಕೂದಲೆಳೆಯೂ ಜರುಗದಂತೆ ಮತ್ತೆ ಅಂಟಿಸುವುದು ಅವಳ ಪಾಲು.
ಬಿಲ್ಲೆ ಈಗ ಗಾಳಿಯಲ್ಲಿ ನಿಂತಿದೆ,
ನೀರಿಲ್ಲದ ನಡುಗಡ್ಡೆ.

ಒಂದೇ ಶರತ್ತು: ಬಟ್ಟೆಯ ಮೇಲೆ ಎಳೆಯ ಗುರುತು ಬೀಳಕೂಡದು.
ಬಿದ್ದರೆ ಕೂಲಿ ಇಲ್ಲ.
ಕಿಮೊನೊ ಕೊಂಡವರು ಸೇವಂತಿಗೆಯನ್ನು ಹೊಗಳಿದರು.
ಎಳೆಯ ಮಾತೇ ಎತ್ತಲಿಲ್ಲ;
ಅವಳಿಗೆ ಸಿಕ್ಕ ಶಹಬ್ಬಾಸ್ ಅದೇ.

ಆಮೇಲೆ ಯಾರೋ, ಕಡಲಾಚೆ,
ಬರೀ ಎಳೆಗಳನ್ನೇ ನೇಯ್ದು ಚೌಕಟ್ಟಿಗೆ ಬಿಗಿದರು,
ರಬ್ಬರು ಪಟ್ಟಿ ಒತ್ತಿ ಬಣ್ಣ ಹಾಯಿಸಿದರು:
ಸಾಬೂನಿನ ಜಾಹೀರಾತು, ಮುಷ್ಕರದ ಮುಷ್ಟಿ, ನಟಿಯ ತುಟಿ.
ಕೆಳಗೆ ಪೆನ್ಸಿಲಿನಲ್ಲಿ ಸಹಿ,
ಐವತ್ತರಲ್ಲಿ ಏಳನೆಯದು.

ಗ್ಯಾಲರಿಯಲ್ಲಿ ಭೂತಗನ್ನಡಿ ಹಿಡಿದು ಬಗ್ಗಿದೆ.
ಕೆಂಪಿನ ಅಂಚಿಗೆ ಸಣ್ಣ ಗರಗಸದ ಹಲ್ಲು,
ರೇಷ್ಮೆಯ ಗುರುತು.

ತೊಸೆ,
ನಿನ್ನ ಕೂಲಿ ಮುರಿದುಕೊಳ್ಳುತ್ತಿದ್ದರು ಇದಕ್ಕೆ.